ಶಿವಮೊಗ್ಗಕ್ಕೊಂದು ನಾಗರಿಕರ ಸುರಕ್ಷತಾ ಸಲಹಾ ಸಮಿತಿ: ಮನವಿ ಕೊಡೋ ಮುಂಚೆ ನಿಮ್ಮ ಮಾತು ಬೇಕು

ದುರ್ಗಿಗುಡಿ ಟೈಲರಕ್ಕ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ದುರ್ಗಿಗುಡಿಲಿ ಬಟ್ಟೆ ಹೊಲಿಯೋ ಅಂಗಡಿ ಇಟ್ಕೊಂಡು ಹದಿನಾಲ್ಕು ವರ್ಷ ಆಯ್ತು, ಮನೆ ಗೋಪಾಳದಲ್ಲಿ. ಕೆಲವು ತಿಂಗಳ ಹಿಂದೆ ನಮ್ಮ ಅಂಗಡಿ ಹುಡುಗಿ ರಾತ್ರಿ ಎಂಟೂವರೆಗೆ ಬಸ್ಸಿಗೆ ಅಂತ ಹೊರಟೋಳು, ಲೈಟಿಲ್ಲದ ಸಂದಿಲಿ ಬೈಕಲ್ಲಿ ಬಂದ ಇಬ್ರು ಸರಕ್ಕೆ ಕೈ ಹಾಕಿದ್ರು. ಸರ ಹೋದ್ರೆ ಹೋಗ್ಲಿ, ಅವಳು ಬಿದ್ದು ಮೊಣಕೈ ಮುರೀತು. ಒಂದು ಠಾಣೆಗೆ ಹೋದ್ವಿ, ಆ ಜಾಗ ನಮ್ಮ ಲಿಮಿಟ್ಸ್‌ಗೆ ಬರಲ್ಲ ಅಂದ್ರು. ಇನ್ನೊಂದಕ್ಕೆ ಹೋದ್ವಿ, ರಸ್ತೆ ಈ ಕಡೆ ಮಾತ್ರ ನಮ್ದು ಅಂದ್ರು. ಕೈ ಊದ್ಕೊಂಡ ಹುಡುಗಿನ ಕೂರಿಸ್ಕೊಂಡು ಎರಡು ಠಾಣೆ ಮಧ್ಯೆ ಆಟೋದಲ್ಲಿ ಓಡಾಡಿದೀನಿ. ಕೊನೆಗೆ ಕಂಪ್ಲೇಂಟ್ ತಗೊಂಡ್ರು, ತಗೊಂಡ ಎಸ್‌ಐ ಒಳ್ಳೆಯವ್ರೇ, ನೀರು ಕೊಟ್ಟು ಕೂರಿಸಿ ಸಮಾಧಾನವಾಗಿ ಬರ್ಕೊಂಡ್ರು. ಆದ್ರೆ ಆ ಸಂದಿ ಲೈಟ್ ಯಾಕೆ ಉರಿಯಲ್ಲ ಅಂತ ಕೇಳಕ್ಕೆ ಹೋದ್ರೆ ಒಂದು ಆಫೀಸಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಇವತ್ತಿಗೂ ಅಲ್ಲಿ ಕತ್ತಲೆನೇ.

ಅವತ್ತಿಂದ ತಲೇಲಿ ಕೊರೀತಿರೋದು ಒಂದೇ. ಕಳ್ಳನ್ನ ಹಿಡಿಯೋದು ಪೊಲೀಸ್ ಕೆಲಸ, ಸರಿ. ಆದ್ರೆ ಯಾವ ಸಂದಿಲಿ ಭಯ ಇದೆ, ಯಾವ ಹೊತ್ತಲ್ಲಿ ಇದೆ, ಯಾರಿಗೆ ಇದೆ ಅನ್ನೋದು ನಮಗೆ ಗೊತ್ತಿರೋದು, ಅದನ್ನ ಪೊಲೀಸು, ಪಾಲಿಕೆ, ಕರೆಂಟಿನವ್ರು ಮೂರೂ ಜನ ಒಂದೇ ಟೇಬಲ್ ಮುಂದೆ ಕೂತು ಕೇಳಿಸ್ಕೊಳ್ಳೋ ಜಾಗ ಊರಲ್ಲಿ ಇಲ್ಲ. ಅದಕ್ಕೆ ನಮ್ಮ ಬೀದಿ ಅಂಗಡಿಯವ್ರು, ಎರಡು ಮಹಿಳಾ ಸಂಘದವ್ರು, ಮೇಷ್ಟ್ರು ಒಬ್ರು, ಹೀಗೆ ಹನ್ನೆರಡು ಜನ ಸೇರಿ ಡಿಸಿ, ಎಸ್ಪಿ, ಪಾಲಿಕೆ ಕಮಿಷನರ್ ಮೂವರಿಗೂ ಒಂದು ಮನವಿ ಕೊಡ್ಬೇಕು ಅಂತಿದೀವಿ, ನಾಗರಿಕರ ಸುರಕ್ಷತಾ ಸಲಹಾ ಸಮಿತಿ ಒಂದು ಮಾಡಿ ಅಂತ. ಹೇಗಿರ್ಬೇಕು ಅಂತ ಹೇಳಿ. ಬೇಡ ಅನ್ಸಿದ್ರೂ ಯಾಕೆ ಅಂತ ಹೇಳಿ.

ಗೋಪಿ ಸರ್ಕಲ್ ಆಟೋ
ಅಕ್ಕ ಒಳ್ಳೆ ಕೆಲ್ಸ. ನಾನಂತೂ ಇದೀನಿ.

ವಿನೋಬನಗರ 60 ಅಡಿ ರಸ್ತೆ
ಶಾಂತಿ ಸಮಿತಿ ಇದೆಯಲ್ಲ ಮೇಡಂ, ಮತ್ತೆ ಇದ್ಯಾಕೆ? ಗಣಪತಿ ಹಬ್ಬದ ಮುಂಚೆ ಒಂದು ಸಭೆ, ಈದ್ ಮುಂಚೆ ಒಂದು ಸಭೆ, ಪ್ರತಿ ವರ್ಷ ಆಗ್ತಾನೇ ಇದೆ. ಇನ್ನೊಂದು ಸಮಿತಿ ಅಂದ್ರೆ ಇನ್ನೊಂದಷ್ಟು ಜನಕ್ಕೆ ಶಾಲು ಹೊದ್ಸೋದು ಅಷ್ಟೇ ಅಂತ ನನ್ನ ಅನುಭವ. ಬೇಜಾರ್ ಮಾಡ್ಕೋಬೇಡಿ, ನಾನು ಎರಡು ಸಲ ಆ ಸಭೆಗೆ ಹೋಗಿ ಕೂತು ಬಂದೋನು, ಮುಂದಿನ ಸಾಲಲ್ಲಿ ಕೂತವ್ರೇ ಮಾತಾಡಿದ್ರು, ಎಲ್ರೂ ಸಹಕಾರ ಕೊಡ್ತೀವಿ ಅಂದ್ರು, ಮುಗೀತು.

ದುರ್ಗಿಗುಡಿ ಟೈಲರಕ್ಕ
ಬೇಜಾರಿಲ್ಲ ಸರ್, ನೀವು ಹೇಳಿದ್ದೇ ನನ್ನ ಭಯ ಕೂಡ. ಶಾಂತಿ ಸಭೆ ಹಬ್ಬ ಸುಸೂತ್ರ ಆಗ್ಲಿ ಅಂತ ಮಾಡೋದು, ಅದು ಬೇಕು, ಬೇಡ ಅನ್ನಲ್ಲ. ಹಬ್ಬ ಮುಗಿದ ಮೇಲೆ ಉಳಿದ ಮುನ್ನೂರು ಚಿಲ್ಲರೆ ದಿನ ಇದಾವಲ್ಲ, ನನ್ನ ಪ್ರಶ್ನೆ ಅದು.

ಕೋಟೆ ರಸ್ತೆ ಮೇಷ್ಟ್ರು
ಮನವಿಯ ಕರಡು ಬರೀತಿರೋದು ನಾನೇ, ಹಾಗಾಗಿ ಕಾನೂನಿನ ಕಡೆಯಿಂದ ಗೊತ್ತಿರೋದು ಹೇಳ್ತೀನಿ. ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ಕ್ಕೆ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಪೊಲೀಸ್ ಸುಧಾರಣೆಗೆ ಏಳು ನಿರ್ದೇಶನ ಕೊಡ್ತು. ಅದರಲ್ಲೊಂದು, ಪೊಲೀಸರ ಮೇಲಿನ ದೂರು ಕೇಳೋಕೆ ರಾಜ್ಯದಲ್ಲೂ ಜಿಲ್ಲೆಯಲ್ಲೂ ಪ್ರಾಧಿಕಾರ ಇರ್ಬೇಕು ಅಂತ. ನಮ್ಮ ರಾಜ್ಯ 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ಅದನ್ನ ಸೇರಿಸ್ತು. ಆದ್ರೆ ಅದು ತಪ್ಪು ನಡೆದ ಮೇಲೆ, ಇಂಥ ಪೊಲೀಸರಿಂದ ನನಗೆ ಅನ್ಯಾಯ ಆಯ್ತು ಅಂತ ಹೋಗೋ ಜಾಗ. ನಮ್ಮಕ್ಕ ಕೇಳ್ತಿರೋದು ತಪ್ಪು ನಡೆಯೋ ಮುಂಚಿನದು, ಗಸ್ತು ಎಲ್ಲಿ ಬೇಕು, ಲೈಟ್ ಎಲ್ಲಿ ಬೇಕು, ಮೊದಲು ಯಾವ ಕೆಲಸ ಆಗ್ಬೇಕು ಅನ್ನೋದು. ಎರಡನ್ನೂ ಕಲಸ್ಬಾರ್ದು. ಕಲಸಿದ್ರೆ ಪೊಲೀಸರು ಮೊದಲ ದಿನವೇ ಇದನ್ನ ತಮ್ಮ ಮೇಲಿನ ವಿಚಾರಣೆ ಅಂತ ತಿಳ್ಕೊಂಡು ಬಾಗಿಲು ಹಾಕ್ಕೊಳ್ತಾರೆ.

ಇನ್ನೊಂದು ವಿಷಯ. ಪಾಲಿಕೆ ಕಾಯ್ದೆ ಪ್ರಕಾರ ಪ್ರತಿ ವಾರ್ಡಿಗೂ ವಾರ್ಡ್ ಸಮಿತಿ ಇರ್ಬೇಕು, ಅದಕ್ಕೆ ಹತ್ತು ಜನ ನಾಗರಿಕರು, ಅದರಲ್ಲಿ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ಆದ್ರೆ ವಾರ್ಡ್ ಸಮಿತಿಗೆ ಅಧ್ಯಕ್ಷರು ಕಾರ್ಪೊರೇಟರ್. ನಮ್ಮಲ್ಲಿ 35 ವಾರ್ಡು, ಕೌನ್ಸಿಲ್ ಅವಧಿ 2023ರಲ್ಲೇ ಮುಗಿದಿದೆ. ಹಾಗಾಗಿ ಆ ಲೆಕ್ಕವನ್ನೇ ಮಾದರಿ ಇಟ್ಕೊಂಡು, ಡಿಸಿಯವ್ರು ಒಂದು ಆದೇಶದಲ್ಲಿ ಸಲಹಾ ಸಮಿತಿ ಮಾಡ್ಲಿ ಅಂತ ಕೇಳೋಣ. ಬರೀ ಸಲಹೆ ಕೊಡೋ ಸಮಿತಿಗೆ ಹೊಸ ಕಾಯ್ದೆ ಏನೂ ಬೇಕಿಲ್ಲ. ರಸ್ತೆ ಸುರಕ್ಷತಾ ಸಮಿತಿ ಡಿಸಿ ಅಧ್ಯಕ್ಷತೆಯಲ್ಲೇ ನಡೆಯುತ್ತೆ, ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಅವರೇ ಅಧ್ಯಕ್ಷರು. ಇವೆರಡಕ್ಕೂ ನಮ್ಮ ಮಾತು ತಲುಪ್ಸೋ ದಾರಿ ಕೂಡ ಇದೇ ಆಗ್ಬಹುದು.

ಅಂದ ಹಾಗೆ ಅಕ್ಕ, ಲಿಮಿಟ್ಸ್ ವಿಷಯ. 2024ರ ಜುಲೈ 1ರಿಂದ ಹಳೆ ಸಿಆರ್‌ಪಿಸಿ ಬದಲು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಓದಿ. ಘಟನೆ ಯಾವ ಠಾಣೆ ವ್ಯಾಪ್ತಿಲಿ ಆಗಿದ್ರೂ ದೂರು ತಗೊಳ್ಳೇಬೇಕು. ಇದನ್ನ ಪ್ರತಿ ಠಾಣೆ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಅಂತ ಕೇಳೋದೇ ಸಮಿತಿಯ ಮೊದಲ ಸಲಹೆ ಆಗ್ಬಹುದು.

ಪೊಲೀಸ್ ಮನೆ ಮಗಳು
ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೋರು, ಅದಕ್ಕೆ ಆ ಕಡೆಯಿಂದ ಎರಡು ಮಾತು. ಹಿಂದೂ ಮಹಾಸಭಾ ಗಣಪತಿ ಮೆರವಣಿಗೆ ಬಂತು ಅಂದ್ರೆ ಅಪ್ಪ ಮೂರು ದಿನ ಮನೆಗೆ ಬರ್ತಿರ್ಲಿಲ್ಲ, ಅಮ್ಮ ಡಬ್ಬಿ ಕಟ್ಟಿ ಕಳಿಸ್ತಿದ್ರು, ಅದನ್ನೂ ಎಷ್ಟೋ ಸಲ ನಿಂತ್ಕೊಂಡೇ ತಿಂದಿದಾರೆ. ಬಂದೋಬಸ್ತ್ ಮುಗಿಸಿ ಬಂದ ಮಾರನೇ ದಿನ ಕೋರ್ಟ್ ಡ್ಯೂಟಿ, ಆಮೇಲೆ ಸಮನ್ಸ್, ಆಮೇಲೆ ರಾತ್ರಿ ಬೀಟ್. ಜನ ನಮ್ಮ ಹತ್ರ ಬರೋದು ಬೈಯೋಕೆ ಮಾತ್ರ ಅಂತ ಅಪ್ಪ ಹೇಳ್ತಿದ್ರು, ಅದರಲ್ಲಿ ನೋವಿತ್ತು.

2017ರಲ್ಲಿ ಬೀಟ್ ವ್ಯವಸ್ಥೆ ಬದಲಾಗಿ ಒಬ್ಬೊಬ್ಬ ಕಾನ್‌ಸ್ಟೇಬಲ್‌ಗೆ ಒಂದೊಂದು ಏರಿಯಾ ಅಂತ ಕೊಟ್ರಲ್ಲ, ಅಪ್ಪನಿಗೆ ಅದು ತುಂಬಾ ಇಷ್ಟ ಆಗಿತ್ತು. ತನ್ನ ಬೀಟಿನ ಕಿರಾಣಿ ಅಂಗಡಿಯವ್ನು, ಅಂಗನವಾಡಿ ಟೀಚರ್, ಒಂಟಿಯಾಗಿರೋ ಅಜ್ಜ ಅಜ್ಜಿ ಎಲ್ರ ಹೆಸರೂ ಬಾಯಲ್ಲೇ ಇತ್ತು. 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಶುರು ಮಾಡಿದಾರಲ್ಲ, ಅದರ ಹಿಂದೆ ಇರೋದೂ ಇದೇ ಯೋಚನೆ. ಬೀಟ್ ಕಾನ್‌ಸ್ಟೇಬಲ್ ಗುರುತು ಹಚ್ಚಿದ್ದನ್ನ ಮೇಲೆ ಒಯ್ಯೋರು ಯಾರು ಅನ್ನೋದೇ ಪ್ರಶ್ನೆ. ಕೆಳಗಿನವ್ರು ಮೇಲಿನವ್ರಿಗೆ ಇಲ್ಲಿ ಜನ ಸಾಲ್ದು ಅಂತ ಬರೆಯೋಕಾಗಲ್ಲ, ಜನ ಬರೀಬಹುದು. ನಿಮ್ಮ ಸಮಿತಿ ಠಾಣೆಗೆ ಸಿಬ್ಬಂದಿ ಕೊಡಿ, ಮಹಿಳಾ ಸಿಬ್ಬಂದಿ ಕೊಡಿ, ಬಂದೋಬಸ್ತ್ ಮಾಡಿದವ್ರಿಗೆ ವಾರದ ರಜೆ ಕೊಡಿ ಅಂತಾನೂ ಕೇಳೋದಾದ್ರೆ ಪೊಲೀಸರೇ ನಿಮ್ಮ ಜೊತೆ ನಿಲ್ತಾರೆ. ದಯವಿಟ್ಟು ಮನವಿಯಲ್ಲಿ ಸೇರ್ಸಿ.

ದುರ್ಗಿಗುಡಿ ಟೈಲರಕ್ಕ
ಇದು ನನಗೆ ಹೊಳೆದೇ ಇರ್ಲಿಲ್ಲ ಕಣಮ್ಮ. ಖಂಡಿತ ಸೇರಿಸ್ತೀವಿ. ಅಪ್ಪಾಜಿಗೆ ನನ್ನ ನಮಸ್ಕಾರ ಹೇಳು.

ತೀರ್ಥಹಳ್ಳಿ ಬದಿ
ನೀವೆಲ್ಲ ಪ್ಯಾಟೆ ಮಾತಾಡ್ತಿದೀರಿ ಮಾರಾಯ್ರೆ, ನಮ್ ಬದಿದೂ ಸ್ವಲ್ಪ ಕೇಳಿ. ಜಿಲ್ಲಾ ಮಟ್ಟದ್ದು ಅಂದ್ಮೇಲೆ ಮಲೆನಾಡು ಮೂಲೆಯವ್ರನ್ನ ಬಿಡೋ ಹಾಗಿಲ್ಲ. ನಮಗೆ ಸರಗಳ್ಳರಿಗಿಂತ ಅಡಿಕೆ ಕಳ್ಳರ ಕಾಟ. ಕೊಯ್ಲಾಗಿ ಬೇಯ್ಸಿ ಅಂಗಳದಲ್ಲಿ ಒಣಗಾಕಿದ್ದನ್ನ ರಾತ್ರೋರಾತ್ರಿ ಚೀಲಕ್ಕೆ ತುಂಬ್ಕಂಡು ಹೋಗ್ತಾರೆ, ವರ್ಷದ ದುಡಿಮೆ ಅದು. ಒಂದು ಮನೆಗೂ ಇನ್ನೊಂದು ಮನೆಗೂ ಅರ್ಧ ಕಿಲೋಮೀಟರ್, ಮಕ್ಳು ಬೆಂಗ್ಳೂರಲ್ಲಿ, ಮನೇಲಿ ಇಬ್ರು ಮುದುಕ್ರು. 112ಕ್ಕೆ ಫೋನ್ ಮಾಡಿ ಅಂತಾರೆ, ಸಿಗ್ನಲ್ ಬೇಕಲ್ಲ? ನಮ್ಮಲ್ಲಿ ಫೋನ್ ಹಿಡ್ಕಂಡು ಗುಡ್ಡ ಹತ್ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ರೂ ಹೋತು. ಟವರ್ ಇಲ್ದಿದ್ದೂ ಸುರಕ್ಷತೆ ವಿಷಯವೇ, ಅದನ್ನ ನಿಮ್ಮ ಸಮಿತಿ ಒಪ್ಕಳ್ಬೇಕು.

ಮತ್ತೆ ಕೋವಿ. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಕೊಟ್ಟಿದಾರೆ, ಎಲೆಕ್ಷನ್ ಬಂತು ಅಂದ್ರೆ ಠಾಣೆಗೆ ತಂದು ಠೇವಣಿ ಇಡಿ ಅಂತಾರೆ, ಮುಗಿಯೋ ತನಕ ಹಂದಿ ಮಂಗನ್ನ ಬಾಯಲ್ಲಿ ಹೆದರ್ಸ್ಬೇಕು. ಯಾರಿಗೆ ವಿನಾಯಿತಿ ಅಂತ ನೋಡೋಕೆ ಸ್ಕ್ರೀನಿಂಗ್ ಕಮಿಟಿ ಇರುತ್ತೆ, ಅದರ ಮುಂದೆ ಒಬ್ಬ ಬಡ ರೈತ ಒಬ್ನೇ ಹೋಗಿ ಎಂತ ಮಾತಾಡಕ್ಕಾಗುತ್ತೆ ಹೇಳಿ. ಊರಿನ ಪರವಾಗಿ ಮಾತಾಡೋ ಸಮಿತಿ ಒಂದಿದ್ರೆ ಬೇರೆ.

ಘಾಟಿ ಬಗ್ಗೆಯೂ ಬರೀರಿ. ಆಗುಂಬೆಲಿ 14 ತಿರುವು, ಮಳೆಗಾಲದಲ್ಲಿ ಭಾರೀ ವಾಹನ ನಿಷೇಧ ಅಂತ ಆದೇಶ ಮಾಡ್ತಾರೆ, ಒಳ್ಳೆದೇ. ಆದೇಶ ನಮಗೆ ಗೊತ್ತಾಗೋದು ಬಸ್ ನಿಲ್ಸಿದ್ಮೇಲೆ.

ತುಮರಿ ಹಿನ್ನೀರು
ತೀರ್ಥಹಳ್ಳಿ ಅಣ್ಣ ಹೇಳಿದ್ದಕ್ಕೆ ನಂದೂ ಸೇರ್ಸಿ. 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿಗೆ ಸಿಗಂದೂರು ಸೇತುವೆ ಆಯ್ತು. ಅದಕ್ಕೂ ಮುಂಚೆ ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದ್ರೂ ಸುತ್ತು ಹಾಕ್ಕಂಡೇ ಹೋಗ್ಬೇಕಿತ್ತು, ಆ ಕಷ್ಟ ತೀರ್ತು, ನಮಗೆ ಅದು ಸಣ್ಣ ಸಂತೋಷ ಅಲ್ಲ. ಈಗ ಬೇರೆ ಥರದ್ದು ಶುರುವಾಗಿದೆ. ಶನಿವಾರ ಭಾನುವಾರ ಸೇತುವೆ ಮೇಲೇ ಗಾಡಿ ನಿಲ್ಸಿ ಫೋಟೋ, ರಾತ್ರಿ ಬೈಕ್ ರೇಸ್, ಹಿನ್ನೀರಿಗೆ ಇಳಿಯೋರು. ಎಲ್ಲಿ ಆಳ, ಎಲ್ಲಿ ಕೆಸರು ಅಂತ ನಮಗೆ ಗೊತ್ತು, ಬಂದವ್ರಿಗೆ ಗೊತ್ತಿಲ್ಲ. ಅಲ್ಲಿ ಬೋರ್ಡ್ ಎಲ್ಲಿ ಹಾಕ್ಬೇಕು ಅಂತ ನಮ್ಮ ದೋಣಿ ನಡ್ಸೋರನ್ನ ಕೇಳಿ.

ಅಬ್ಬಲಗೆರೆ ಕಡೆಯವ
ನಾನು ಇಂಥದ್ರಲ್ಲಿ ಬರೆಯೋನಲ್ಲ. ಆದ್ರೂ ಬರೀತೀನಿ.

2021 ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿತ್ತು. ಊಟ ಮುಗಿಸಿ ಮಲಗೋ ಹೊತ್ತು. ಆ ಶಬ್ದ ಈಗಲೂ ಕಿವೀಲಿದೆ. ಮನೆ ಪೂರ್ತಿ ಅಲ್ಲಾಡ್ತು, ಕಿಟಕಿ ಗಾಜು ಸುರಿದ್ವು, ಭೂಕಂಪ ಅಂತ ಮಕ್ಕಳನ್ನ ಎತ್ಕೊಂಡು ರಸ್ತೆಗೆ ಓಡಿದ್ವಿ. ಶಿವಮೊಗ್ಗ ಪೂರ್ತಿ ಹೊರಗಡೆ ನಿಂತಿತ್ತು ಅವತ್ತು, ಚಿಕ್ಕಮಗಳೂರು ಕಡೆಗೂ ಕೇಳ್ಸಿದೆ. ಆಮೇಲೆ ಗೊತ್ತಾಯ್ತು ಹುಣಸೋಡು ಕ್ವಾರಿ ಹತ್ರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿದೆ ಅಂತ. ಕೂಲಿಗೆ ಬಂದಿದ್ದವ್ರ ಜೀವ ಹೋಯ್ತು. ನಮ್ಮ ಗೋಡೆ ಬಿರುಕು ಸಿಮೆಂಟ್ ಹಾಕಿ ಮುಚ್ಚಿದೀವಿ.

ಅದಕ್ಕೂ ಮುಂಚೆ ಕಲ್ಲು ಒಡೆಯೋ ಸದ್ದು ನಮಗೆ ದಿನಾ ಕೇಳ್ತಿತ್ತು. ಯಾವ ಲಾರಿ ಯಾವಾಗ ಬರುತ್ತೆ ಅಂತ ದನ ಮೇಯ್ಸೋ ಹುಡುಗ್ರೂ ಹೇಳೋರು. ಅದನ್ನ ಯಾರಿಗೆ ಹೇಳ್ಬೇಕು, ಹೇಳಿದ್ರೆ ಕ್ರಷರ್‌ನಲ್ಲಿ ಕೆಲಸ ಮಾಡೋ ನಮ್ಮವ್ರ ಕೂಲಿ ಹೋಗುತ್ತಾ, ನನ್ನ ಹೆಸರು ಹೊರಗೆ ಬರುತ್ತಾ, ಇದೇ ಯೋಚನೇಲಿ ಬಾಯಿ ಮುಚ್ಕೊಂಡಿದ್ವಿ. ನಿಮ್ಮ ಸಮಿತಿಗೆ ಹೇಳಿದವ್ರ ಹೆಸರು ಹೊರಗೆ ಬರಬಾರ್ದು. ನಂದು ಅದೊಂದೇ ಕೋರಿಕೆ.

ಕೋಟೆ ರಸ್ತೆ ಮೇಷ್ಟ್ರು
ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕರಡಿನಲ್ಲಿ ಇದು ಮೇಲೆ ಬರುತ್ತೆ: ಮಾಹಿತಿ ಕೊಟ್ಟವರ ಹೆಸರನ್ನ ಕಡತದಲ್ಲೂ ಬರೆಯಬಾರ್ದು, ಸದಸ್ಯರು ವಿಷಯವನ್ನ ತಮ್ಮ ಹೆಸರಲ್ಲೇ ಎತ್ತಬೇಕು.

ಕ್ಯಾಂಪಸ್ ಹುಡುಗಿ
ನಾನು ಊರಾಚೆ ಕ್ಯಾಂಪಸ್ ಒಂದರಲ್ಲಿ ಓದ್ತಿರೋದು, ಹೆಸರು ಬೇಡ. ನನಗೆ ಈ ಸಮಿತಿ ಬಗ್ಗೆ ಆಸೆಗಿಂತ ಭಯ ಜಾಸ್ತಿ ಇದೆ, ಹೇಳ್ಬಹುದಾ?

ಹುಡುಗಿಯರ ಸುರಕ್ಷತೆ ಅಂತ ಶುರುವಾಗಿದ್ದೆಲ್ಲ ಕೊನೆಗೆ ನಮ್ಮ ಮೇಲಿನ ಕಾವಲಾಗಿ ಮುಗಿಯುತ್ತೆ. ಸಂಜೆ ಆರಕ್ಕೆ ಗೇಟ್ ಹಾಕಿ, ಯಾರ ಜೊತೆ ಬಂದೆ, ಅವನು ಯಾರು, ಯಾವ ಜಾತಿ, ಅಪ್ಪನ ನಂಬರ್ ಕೊಡು. ಒಂದು ಸಲ ಪಾರ್ಕಲ್ಲಿ ನಾನೂ ನನ್ನ ಕ್ಲಾಸ್‌ಮೇಟೂ ಪ್ರಾಜೆಕ್ಟ್ ವಿಷಯ ಮಾತಾಡ್ತಾ ಕೂತಿದ್ವಿ, ನಾಲ್ಕು ಜನ ಬಂದು ಸುತ್ತ ನಿಂತು ಐಡಿ ಕಾರ್ಡ್ ತೋರ್ಸು ಅಂದ್ರು, ಅವ್ರು ಪೊಲೀಸರಲ್ಲ. ನಾವು ಊರಿನ ಹೆಣ್ಣುಮಕ್ಕಳ ರಕ್ಷಣೆಗೆ ಇರೋರು ಅಂದ್ರು. ಅವತ್ತು ಪಾರ್ಕಲ್ಲಿ ನನಗೆ ಭಯ ಆಗಿದ್ದು ಅವ್ರಿಂದ್ಲೇ. ನಾಳೆ ಅಂಥೋರೇ ನಿಮ್ಮ ಸಮಿತಿಲಿ ಕೂತು ಕೈಯಲ್ಲಿ ಒಂದು ಗುರುತಿನ ಚೀಟಿ ಹಿಡ್ಕೊಂಡ್ರೆ ನಾವು ಎಲ್ಲಿಗೆ ಹೋಗೋದು?

ನಮಗೆ ಬೇಕಾಗಿರೋದು ತುಂಬಾ ಸರಳ. ರಾತ್ರಿ ಎಂಟೂವರೆ ಮೇಲೂ ಒಂದು ಬಸ್, ಸ್ಟಾಪ್ ಹತ್ರ ಒಂದು ಲೈಟ್.

ರಾಗಿಗುಡ್ಡ ನಿವಾಸಿ
ಈ ತಂಗಿ ಹೇಳಿದ ಮಾತು ನಮ್ಮ ಏರಿಯಾಕ್ಕೂ ಅನ್ವಯ ಆಗುತ್ತೆ. 2022ರ ಫೆಬ್ರವರಿಯ ಕೋಮು ಗಲಾಟೆಲಿ ಊರು ಹೇಗಿತ್ತು, ಆ ವರ್ಷ ಆಗಸ್ಟ್ 15ಕ್ಕೆ ಏನಾಯ್ತು, 2023ರ ಅಕ್ಟೋಬರ್ ಮೊದಲ ದಿನ ನಮ್ಮ ರಾಗಿಗುಡ್ಡದಲ್ಲಿ ಏನಾಯ್ತು, ಎಲ್ರಿಗೂ ನೆನಪಿದೆ. ಯಾರದ್ದು ತಪ್ಪು ಅಂತ ನಾನು ಇಲ್ಲಿ ಬರೆಯಲ್ಲ, ಅದನ್ನ ಕೋರ್ಟ್ ನೋಡ್ಲಿ. ನಿಷೇಧಾಜ್ಞೆ ಹಾಕಿದ ದಿನ ನಮ್ಮ ಮನೇಲಿ ಏನಾಯ್ತು ಅಂತ ಮಾತ್ರ ಹೇಳ್ತೀನಿ. ತಾಯಿಗೆ ಶುಗರ್ ಇಂಜೆಕ್ಷನ್ ಮುಗಿದಿತ್ತು, ಮೆಡಿಕಲ್ ಶಾಪ್ ತನಕ ಹೋಗ್ಬಹುದಾ ಇಲ್ವಾ ಯಾರಿಗೂ ಗೊತ್ತಿಲ್ಲ, ಫೋನಲ್ಲಿ ಒಂದರ ಹಿಂದೊಂದು ಸುಳ್ಳು ಸುದ್ದಿ. ಪಕ್ಕದ ಮನೆಯ ಹಿಂದೂ ಹುಡುಗ ನಮ್ಮ ಮನೆ ಚೀಟಿ ತಗೊಂಡು ಬ್ಯಾರಿಕೇಡ್ ಹತ್ರ ಪೊಲೀಸರನ್ನ ಕೇಳಿ ಹೋಗಿ ಔಷಧಿ ತಂದ. ಆ ಹುಡುಗನಂಥೋರು ಸಮಿತಿಲಿ ಬೇಕು.

ಶಾಂತಿ ಸಭೆಲಿ ನಮ್ಮ ಕಡೆಯಿಂದ ನಾಲ್ಕು ಮುಖಂಡರು, ಅವ್ರ ಕಡೆಯಿಂದ ನಾಲ್ಕು ಮುಖಂಡರು ಕೂರ್ತಾರೆ, ಕೂತಾಗ್ಲೇ ಊರು ಎರಡು ಕಡೆ ಆಗೋಗಿರುತ್ತೆ. ಧರ್ಮದ ಲೆಕ್ಕದಲ್ಲಿ ಕೂರ್ಸಬೇಡಿ, ಬೀದಿ ಲೆಕ್ಕದಲ್ಲಿ ಕೂರ್ಸಿ. ಒಂದೇ ಬೀದಿಯ ಇಬ್ರು ಹೆಂಗಸರು ಬಂದು ನಮ್ಮ ಬೀದಿಗೆ ಇದು ಬೇಕು ಅಂತ ಕೇಳಿದ್ರೆ ಅಲ್ಲಿ ಧರ್ಮ ಬರಲ್ಲ, ಲೈಟು ನೀರು ಗಸ್ತು ಅಷ್ಟೇ ಬರುತ್ತೆ.

ಗೋಪಿ ಸರ್ಕಲ್ ಆಟೋ
ಭಾಯ್ ಸರಿಯಾಗಿ ಹೇಳಿದ್ರಿ. ನಂದೂ ಒಂದಿದೆ. ಆಕ್ಸಿಡೆಂಟ್ ಆದ್ರೆ ಎತ್ಕೊಂಡು ಹೋಗೋದು ಹೆಚ್ಚಾಗಿ ನಾವು ಆಟೋದವ್ರೇ. ಈಗ್ಲೂ ಎಷ್ಟೋ ಡ್ರೈವರ್‌ಗಳು ಹೆದರ್ತಾರೆ, ಸಾಕ್ಷಿ ಅಂತ ಕರೀತಾರೆ, ದಿನ ಹಾಳು ಅಂತ. ಮೋಟಾರು ವಾಹನ ಕಾಯ್ದೆಲಿ 134ಎ ಅಂತ ಇದೆ, ಸಹಾಯ ಮಾಡಿದೋನ ಮೇಲೆ ಕೇಸ್ ಹಾಕಂಗಿಲ್ಲ, ಹೆಸರು ವಿಳಾಸ ಕೊಡು ಅಂತ ಬಲವಂತನೂ ಮಾಡಂಗಿಲ್ಲ. ನನಗೆ ಇದು ಗೊತ್ತಾಗಿದ್ದು ಒಬ್ರು ವಕೀಲರು ಗಾಡಿ ಹತ್ತಿದಾಗ ಮಾತಾಡ್ತಾ. ಪ್ರತಿ ಸ್ಟ್ಯಾಂಡಲ್ಲೂ ಇದನ್ನ ಬರ್ಸಿ ಅಕ್ಕ, ಪೇಂಟ್ ಖರ್ಚು ನಾವೇ ಹಾಕ್ತೀವಿ.

ಶಿಕಾಗೋದಿಂದ ಸಾಗರದವಳು
ಊರಿಂದ ದೂರ ಇದೀನಿ ಆದ್ರೆ ಓದ್ತಾನೇ ಇರ್ತೀನಿ. ಇಲ್ಲಿ ಶಿಕಾಗೋದಲ್ಲಿ ಹೇಗೆ ಮಾಡಿದಾರೆ ಅಂತ ಹೇಳ್ತೀನಿ, ಬೇಕಾದ್ದು ತಗೊಳ್ಳಿ. 2021ರಲ್ಲಿ ಸಿಟಿ ಕೌನ್ಸಿಲ್ ಕಾನೂನು ಮಾಡಿ ನಾಗರಿಕರ ಆಯೋಗ ಒಂದನ್ನ ಮಾಡ್ತು, ಏಳು ಜನ. ಅದರ ಕೆಳಗೆ 22 ಪೊಲೀಸ್ ಡಿಸ್ಟ್ರಿಕ್ಟ್, ಒಂದೊಂದಕ್ಕೆ ಮೂರು ಜನರ ಕೌನ್ಸಿಲ್, ಆ ಮೂವರನ್ನ 2023ರ ಫೆಬ್ರವರಿಲಿ ಜನ ವೋಟ್ ಹಾಕಿ ಆರಿಸಿದ್ರು. ಪೊಲೀಸ್ ಮುಖ್ಯಸ್ಥರ ಜಾಗ ಖಾಲಿಯಾದಾಗ ಆಯೋಗ ಮೂರು ಹೆಸರು ಕೊಡುತ್ತೆ, ಮೇಯರ್ ಅದರಿಂದ್ಲೇ ಒಬ್ರನ್ನ ಆರಿಸ್ಬೇಕು. ಅಷ್ಟು ಅಧಿಕಾರ ನಮ್ಮಲ್ಲಿ ಈಗ್ಲೇ ಸಿಗಲ್ಲ, ಇಲ್ಲೂ ಅದಕ್ಕೆ ಜನ ವರ್ಷಗಟ್ಲೆ ಹೋರಾಡಿದಾರೆ. ನನಗೆ ಹಿಡಿಸಿದ್ದು, ಸಭೆ ಬಾಗಿಲು ಎಲ್ರಿಗೂ ತೆರೆದಿರುತ್ತೆ, ಯಾರು ಬೇಕಾದ್ರೂ ಎದ್ದು ನಿಂತು ಮಾತಾಡ್ಬಹುದು.

ಕೋಟೆ ರಸ್ತೆ ಮೇಷ್ಟ್ರು
ಪಕ್ಕದ ಕೇರಳದ್ದೂ ನೋಡ್ಬೇಕಮ್ಮ, ನಮಗೆ ಹತ್ತಿರ. 2008ರಲ್ಲಿ ಜನಮೈತ್ರಿ ಅಂತ ಮೊದಲು ಇಪ್ಪತ್ತು ಠಾಣೆಲಿ ಶುರು ಮಾಡಿ, ಆಮೇಲೆ ಬೇರೆ ಠಾಣೆಗಳಿಗೂ ಒಯ್ದರು. ಠಾಣೆಗೊಂದು ಜನರ ಸಮಿತಿ, ಬೀಟ್ ಆಫೀಸರ್‌ಗೆ ಪ್ರತಿ ಮನೆ ಪರಿಚಯ. ನಾವೂ ಹಾಗೇ ಎರಡು ಠಾಣೆಯಿಂದ ಶುರು ಮಾಡೋಣ, ನಗರದ್ದೊಂದು, ಮಲೆನಾಡಿನ ಹಳ್ಳಿ ಕಡೆಯದೊಂದು.

ವಿನೋಬನಗರ 60 ಅಡಿ ರಸ್ತೆ
ಇಷ್ಟು ಓದಿದ ಮೇಲೆ ನನ್ನ ಮಾತು ಸ್ವಲ್ಪ ಬದಲಾಯಿಸ್ತೀನಿ. ಸಮಿತಿ ಬೇಡ ಅನ್ನಲ್ಲ. ಆದ್ರೆ ಒಂದು ಷರತ್ತು ಇಲ್ದೇ ಹೋದ್ರೆ ಮತ್ತೆ ಶಾಲು ಹಾರವೇ. ಸಮಿತಿ ಕೇಳಿದ ಪ್ರತಿ ಪ್ರಶ್ನೆಗೂ ಮೂವತ್ತು ದಿನದೊಳಗೆ ಬರವಣಿಗೇಲಿ ಉತ್ತರ ಬರ್ಬೇಕು, ಆಗುತ್ತೆ ಅಥವಾ ಆಗಲ್ಲ, ಆಗಲ್ಲ ಅಂದ್ರೆ ಯಾಕೆ ಆಗಲ್ಲ. ಆ ಪ್ರಶ್ನೆ ಉತ್ತರ ಎರಡನ್ನೂ ಠಾಣೆ ಬೋರ್ಡಿನಲ್ಲಿ, ಪಾಲಿಕೆ ಬೋರ್ಡಿನಲ್ಲಿ ಅಂಟಿಸ್ಬೇಕು. ಮಾಹಿತಿ ಹಕ್ಕಿಗೂ ಮೂವತ್ತೇ ದಿನ ತಾನೇ, ಅಂಥಾ ದೊಡ್ಡ ಬೇಡಿಕೆ ಅಲ್ಲ. ಒಂದು ವರ್ಷ ಆದ್ಮೇಲೆ ಎಷ್ಟಕ್ಕೆ ಉತ್ತರ ಬಂತು, ಎಷ್ಟಕ್ಕೆ ಬರ್ಲಿಲ್ಲ ಅಂತ ಜನ ಎಣಿಸ್ಲಿ.

ದುರ್ಗಿಗುಡಿ ಟೈಲರಕ್ಕ
ಸರ್, ನಾನು ಇಷ್ಟು ದಿನ ಹುಡುಕ್ತಿದ್ದ ಮಾತು ಇದೇ. ನನಗೆ ಅವತ್ತು ಸಿಟ್ಟು ಬಂದಿದ್ದು ಲೈಟ್ ಇಲ್ಲ ಅಂತಲ್ಲ, ಯಾಕಿಲ್ಲ ಅಂತ ಯಾರೂ ಬರೆದು ಕೊಡ್ಲಿಲ್ಲ ಅಂತ.

ಕುಂಬಾರಗುಂಡಿ
ಹೊಳೆ ವಿಷಯ ಯಾರೂ ಎತ್ತಲೇ ಇಲ್ಲ. 2019ರ ಆಗಸ್ಟಲ್ಲಿ ನಮ್ಮ ಮನೆ ಒಳಗೆ ಸೊಂಟದ ತನಕ ತುಂಗೆ ನೀರು. ನಮ್ಮ ಅಜ್ಜಿ ಕಾಲದಿಂದ ನಮಗೆ ಲೆಕ್ಕ ಅಂದ್ರೆ ಹೊಳೇಲಿರೋ ಕೋರ್ಪಲಯ್ಯ ಮಂಟಪ, ಅದು ಮುಳುಗಿತು ಅಂದ್ರೆ ಪಾತ್ರೆ ಪಗಡೆ ಅಟ್ಟಕ್ಕೆ ಹಾಕು ಅಂತ. ಈಗ ಗಾಜನೂರು ಡ್ಯಾಮಿಂದ ಎಷ್ಟು ನೀರು ಬಿಡ್ತಾರೆ ಅಂತ ಮೊಬೈಲಲ್ಲಿ ಬರುತ್ತೆ, ಸ್ಮಾರ್ಟ್ ಫೋನ್ ಇಲ್ದವ್ರಿಗೆ? ತಗ್ಗಿನ ಬೀದಿಗಳಿಗೆ ಮೈಕಲ್ಲಿ ಹೇಳೋ ವ್ಯವಸ್ಥೆ, ರಾತ್ರಿ ಆದ್ರೂ ಸರಿ. ಇದೂ ಬರ್ಕೊಳ್ಳಿ.

ಕೋಟೆ ರಸ್ತೆ ಮೇಷ್ಟ್ರು
ಬರ್ಕೊಂಡೆ. ಕರಡು ಈಗ ಹೀಗಿದೆ, ತಪ್ಪಿದ್ರೆ ತಿದ್ದಿ. ಸದಸ್ಯರು ಹದಿನೈದು, ಅರ್ಧಕ್ಕಿಂತ ಹೆಚ್ಚು ಹೆಂಗಸರು, ಬೀದಿ ಮತ್ತು ಹಳ್ಳಿ ಲೆಕ್ಕದಲ್ಲಿ. ಆಟೋದವ್ರು, ಬೀದಿ ವ್ಯಾಪಾರಿ, ಪೌರಕಾರ್ಮಿಕರು, ವಿದ್ಯಾರ್ಥಿನಿ, ಅಡಿಕೆ ಬೆಳೆಗಾರರು, ಹಿನ್ನೀರಿನವ್ರು ಇರ್ಲೇಬೇಕು. ಯಾವುದೇ ಪಕ್ಷದ ಪದಾಧಿಕಾರಿಗಳು, ಹೊಡೆದಾಟ ಬೆದರಿಕೆ ಕೇಸಲ್ಲಿ ಚಾರ್ಜ್‌ಶೀಟ್ ಆದವ್ರು ಬೇಡ. ಗುರುತಿನ ಚೀಟಿ ಕೊಡಬಾರ್ದು, ಗಸ್ತು ತಿರುಗೋ, ಯಾರನ್ನಾದ್ರೂ ತಡೆದು ಕೇಳೋ ಅಧಿಕಾರ ಯಾವ ಸದಸ್ಯನಿಗೂ ಇಲ್ಲ ಅಂತ ಆದೇಶದಲ್ಲೇ ಬರೀಬೇಕು. ತಿಂಗಳಿಗೊಂದು ತೆರೆದ ಸಭೆ, ಒಂದು ತಿಂಗಳು ಶಿವಮೊಗ್ಗದಲ್ಲಿ ಆದ್ರೆ ಮುಂದಿನದು ತಾಲ್ಲೂಕಲ್ಲಿ. ಮೂವತ್ತು ದಿನದ ಲಿಖಿತ ಉತ್ತರ. ಹೇಳಿದವರ ಹೆಸರು ಗುಟ್ಟು. ಠಾಣೆಗಳ ಸಿಬ್ಬಂದಿ ಕೊರತೆ ಬಗ್ಗೆಯೂ ಸಮಿತಿ ಸರ್ಕಾರಕ್ಕೆ ಬರೆಯುತ್ತೆ.

ರಾಗಿಗುಡ್ಡ ನಿವಾಸಿ
ಚಾರ್ಜ್‌ಶೀಟ್ ವಿಷಯ ಸ್ವಲ್ಪ ನೋಡಿ ಸರ್. ನಮ್ಮ ಕಡೆ ಗಲಾಟೆ ಆದ ದಿನ ಹಾಲು ತರಕ್ಕೆ ಹೋದ ಹುಡುಗರ ಹೆಸರೂ ಸೇರ್ಕೊಂಡಿರುತ್ತೆ, ಎರಡೂ ಕಡೆಯವ್ರದ್ದು. ಶಿಕ್ಷೆ ಆದವ್ರು ಅಂತ ಮಾಡಿ.

ಕ್ಯಾಂಪಸ್ ಹುಡುಗಿ
ಆದ್ರೆ ಅಣ್ಣ, ಶಿಕ್ಷೆ ಆಗೋಕೆ ಹತ್ತು ವರ್ಷ ಬೇಕು, ಅಷ್ಟರಲ್ಲಿ ಪಾರ್ಕಲ್ಲಿ ಸುತ್ತ ನಿಂತೋರು ಸಮಿತಿಲಿ ಇರ್ತಾರೆ.

ಕೋಟೆ ರಸ್ತೆ ಮೇಷ್ಟ್ರು
ಇಬ್ರ ಮಾತೂ ನಿಜ. ಇದಕ್ಕೆ ನನ್ನ ಹತ್ರ ಈಗ ಉತ್ತರ ಇಲ್ಲ. ಹೆಸರುಗಳನ್ನ ಮೊದಲು ಹದಿನೈದು ದಿನ ಬೋರ್ಡಿಗೆ ಹಾಕಿ, ಆಕ್ಷೇಪ ಕೇಳಿ ಆಮೇಲೆ ಅಂತಿಮ ಮಾಡೋದು ಅಂತ ಸದ್ಯಕ್ಕೆ ಬರೀತೀನಿ, ಭಾನುವಾರ ಕೂತು ಮಾತಾಡೋಣ.

ದುರ್ಗಿಗುಡಿ ಟೈಲರಕ್ಕ
ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಗಡೀಲೇ ಸೇರೋಣ, ಮಷೀನ್ ಎಲ್ಲ ಪಕ್ಕಕ್ಕೆ ಸರಿಸ್ತೀನಿ, ಇಪ್ಪತ್ತು ಜನ ಕೂರ್ಬಹುದು. ತೀರ್ಥಹಳ್ಳಿ, ತುಮರಿಯವ್ರು ಬಸ್ಸಲ್ಲಿ ಬರೋದಾದ್ರೆ ಮಧ್ಯಾಹ್ನದ ಊಟ ನಮ್ಮನೇಲಿ. ಅಬ್ಬಲಗೆರೆ ಅಣ್ಣ, ನೀವು ಬಂದ್ರೂ ಸಂತೋಷ, ಬರ್ದೇ ಇದ್ರೂ ನಿಮ್ಮ ಮಾತು ಮನವಿಲಿ ಇರುತ್ತೆ, ಹೆಸರಿರಲ್ಲ.

ಕ್ಯಾಂಪಸ್ ಪುಟ್ಟಿ, ನೀನು ಬರ್ಲೇಬೇಕು. ಬರುವಾಗ ನಿಮ್ಮ ಸ್ಟಾಪಿಗೆ ಸಂಜೆ ಆರರ ಮೇಲೆ ಯಾವ ಬಸ್ ಎಷ್ಟು ಹೊತ್ತಿಗೆ ಬರುತ್ತೆ, ಯಾವುದು ನಿಲ್ಸದೇ ಹೋಗುತ್ತೆ ಅಂತ ಒಂದು ವಾರದ್ದು ಬರ್ಕೊಂಡು ಬಾ. ಮೊದಲ ಪ್ರಶ್ನೆ ನಿನ್ನದೇ ಇಡೋಣ.

ಕ್ಯಾಂಪಸ್ ಹುಡುಗಿ
ಬರ್ತೀನಿ ಅಕ್ಕ. ಇವತ್ತಿಂದ್ಲೇ ಬರ್ಕೊಳ್ತೀನಿ. ಇಬ್ರು ಫ್ರೆಂಡ್ಸೂ ಬರ್ತಾರೆ, ಆದ್ರೆ ನಾಲ್ಕು ಗಂಟೆಗೆ ವಾಪಸ್ ಹೊರಡ್ಬೇಕು.

ಗೋಪಿ ಸರ್ಕಲ್ ಆಟೋ
ಹೊರಡೋ ಹೊತ್ತಿಗೆ ಹೇಳಮ್ಮ, ನಾನೇ ಬಿಟ್ಟು ಬರ್ತೀನಿ.